ದನಿಯ ಗುರುತು ಹಿಡಿದು ರೊಟ್ಟಿ ಕೊಟ್ಟೆ

ಅದು 1953ರ ಬೇಸಿಗೆ. ತುಂಗಭದ್ರೆಯ ಎಡದಂಡೆ ಕಾಲುವೆ ಕೆಲಸ ನಡೆದಿತ್ತು. ನಾನು ಸಿಂಧನೂರಿನ ಕಚೇರಿಯಲ್ಲಿ ಸರ್ವೆ ಗುಮಾಸ್ತ. ಕಾಲುವೆಯ ದಾರಿಯನ್ನು ಮೇಲಿನಿಂದ ನೋಡಲು ಹೈದರಾಬಾದಿನಿಂದ ಪುಟ್ಟ ವಿಮಾನ ಹೊರಡುತ್ತದೆ, ಊರುಗಳ ಗುರುತು ಹೇಳಲು ನೀನೂ ಹತ್ತು ಎಂದರು ಸಾಹೇಬರು.

"ನೆಲದ ಮ್ಯಾಲಿನ ಕೆಲಸೆಲ್ಲ ಮುಗದಾವೇನಲೇ?" ಎಂದು ಅವ್ವ ಗೊಣಗಿದಳು. ನಾನು ಕೇಳುವ ಪೈಕಿಯೇ? ನಮ್ಮ ಸಾಲಗುಂದದಲ್ಲಿ ವಿಮಾನ ಹತ್ತಿದವರು ಅದುವರೆಗೆ ಯಾರೂ ಇರಲಿಲ್ಲ.

ವಿಮಾನದಲ್ಲಿ ಇಬ್ಬರೇ. ಪೈಲಟ್ ಮದ್ರಾಸಿನವರು, ಅವರಿಗೆ ತಮಿಳು, ಇಂಗ್ಲಿಷ್. ನಾನು ಉರ್ದು ಶಾಲೆಯಲ್ಲಿ ಕಲಿತವನು. ಕೈಸನ್ನೆಯೇ ನಮ್ಮ ಮಾತು. ಗುರುತು ಹೇಳಲು ಹೋದ ನನಗೆ ಮೇಲಿನಿಂದ ನನ್ನೂರೇ ಗುರುತು ಸಿಗಲಿಲ್ಲ ಅನ್ನಿ.

ಮಧ್ಯಾಹ್ನ ದಾಟುತ್ತಲೇ ಕೆಂಧೂಳು ಎದ್ದಿತು, ಹಿಂದೆಯೇ ಗುಡುಗು, ಮಳೆ. ಮೊರದಲ್ಲಿ ಜೋಳ ಕೇರಿದಂತೆ ಗಾಳಿ ನಮ್ಮನ್ನು ಕುಲುಕಿತು. ಕೆಳಗೆ ನೆಲವೇ ಕಾಣದು. ಪೈಲಟ್ ಎಣ್ಣೆಯ ಮುಳ್ಳು ತೋರಿಸಿ ತಲೆಯಾಡಿಸಿದರು. ಹೈದರಾಬಾದ್ ಮುಟ್ಟುವಷ್ಟು ಎಣ್ಣೆ ಉಳಿದಿಲ್ಲವೆಂದು ನನಗೂ ತಿಳಿಯಿತು. ಅವ್ವನ ಮಾತು ಕೇಳಬೇಕಿತ್ತು ಅನ್ನಿಸಿತು.

ಹೈದರಾಬಾದಿನ ನಿಲ್ದಾಣದಲ್ಲಿ ವಿಮಾನಗಳಿಗೆ ದಾರಿ ಹೇಳುವ ಅಧಿಕಾರಿಯೊಬ್ಬರು ಇರುತ್ತಾರೆ. ಅವರೊಂದಿಗೆ ರೇಡಿಯೋದಲ್ಲಿ ಮಾತಾಡುತ್ತಲೇ ಇದ್ದ ಪೈಲಟ್ ಇದ್ದಕ್ಕಿದ್ದಂತೆ ತಮ್ಮ ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿದರು.

"ಘಬರಾವ್ ನಕ್ಕೋ, ಭಾಯಿ," ಎಂದಿತು ಆ ಕಡೆಯ ದನಿ. ನಮ್ಮ ಸಿಂಧನೂರಿನ ಸಂತೆಯಲ್ಲಿ ಕೇಳುವಂಥದೇ ಉರ್ದು. ಹೆದರಬೇಡ ಎಂಬ ಆ ಒಂದು ಮಾತಿಗೆ ನನಗೆ ಅಳುವೇ ಬಂತು. ಕೆಳಗೆ ಏನು ಕಾಣುತ್ತದೆ ಎಂದು ಕೇಳಿದರು. ಏನೂ ಇಲ್ಲ ಎಂದೆ. ನೋಡುತ್ತಲೇ ಇರಿ, ನಾನು ಎಲ್ಲಿಗೂ ಹೋಗುವುದಿಲ್ಲ ಎಂದರು. ಮತ್ತೆ ಮತ್ತೆ ಅದನ್ನೇ ಕೇಳಿದರು, ಒಮ್ಮೆಯೂ ಬೇಸರಿಸಲಿಲ್ಲ. ಕೊನೆಗೆ ಮಬ್ಬು ಹರಿದ ಕಡೆ ಒಂದು ಬೋಳು ಬೆಟ್ಟ, ಅದರ ಮೇಲೊಂದು ಗುಡಿ ಕಂಡಿತು. ಮಲ್ಲಯ್ಯನ ಗುಡಿ! "ಮಸ್ಕಿ, ಸಾಬ್, ಮಸ್ಕಿ," ಎಂದು ಕೂಗಿದೆ.

ಹೆಡ್‌ಫೋನ್ ಪೈಲಟ್‌ಗೆ ಕೊಟ್ಟೆ. ಆ ಕಡೆಯ ಅಧಿಕಾರಿ ನಕಾಶೆ ನೋಡಿ ಲಿಂಗಸುಗೂರಿನ ದಿಕ್ಕು ಹೇಳಿದರು. ಅಷ್ಟೇ ಅಲ್ಲ, ಪೊಲೀಸ್ ವೈರ್‌ಲೆಸ್‌ನಲ್ಲಿ ಅಲ್ಲಿಗೆ ಸುದ್ದಿ ಮುಟ್ಟಿಸಿ, ಹಳೆಯ ದಂಡಿನ ಛಾವಣಿಯ ಮೈದಾನದಿಂದ ದನ ಓಡಿಸಿ, ಜೋಳದ ಹಸಿ ಸೊಪ್ಪೆ ಸುಟ್ಟು ಹೊಗೆ ಎಬ್ಬಿಸಲು ಹೇಳಿದ್ದರು. ಅಲ್ಲಿ ಮಳೆ ನಿಂತಿತ್ತು. ಹೊಗೆ ವಾಲಿದ್ದನ್ನು ನೋಡಿ, ಗಾಳಿಯ ದಿಕ್ಕು ತಿಳಿದು ಪೈಲಟ್ ವಿಮಾನ ಇಳಿಸಿದರು. ನಾನು ಇಳಿದವನೇ ನೆಲಕ್ಕೆ ಹಣೆ ಹಚ್ಚಿದೆ. "ಮ್ಯಾಲಿಂದ ಬಂದೀಯಪ, ಮೊದ್ಲ ಒಂದೀಟು ನೀರು ಕುಡಿ," ಎಂದು ಅಲ್ಲಿದ್ದ ಮುದುಕರೊಬ್ಬರು ತಂಬಿಗೆ ಕೊಟ್ಟರು.

ಊರಿಗೆ ಬಂದು, ಆ ಅಧಿಕಾರಿಯನ್ನು ಕಂಡು ಬರುತ್ತೇನೆ ಎಂದೆ. "ಜೀವ ಉಳಿಸಿದವರ ಹಂತ್ಯಾಕ ಬರಿಗೈಲೆ ಹೋಗಬಾರದಪ," ಎಂದು ಅವ್ವ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ ಗಂಟು ಕಟ್ಟಿಕೊಟ್ಟಳು. ಹೈದರಾಬಾದಿಗೆ ಹೋಗಿ ನಿಲ್ದಾಣದ ಗೋಪುರ ಹತ್ತಿದರೆ ನಾಲ್ಕಾರು ಮಂದಿ ಕುಳಿತಿದ್ದಾರೆ. ನನಗೋ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಯಾರು ಬೇಕು ಎಂದರೆ ಏನು ಹೇಳಲಿ? "ಒಬ್ಬೊಬ್ಬರೂ ಘಬರಾವ್ ನಕ್ಕೋ ಅನ್ನಿ, ಸಾಬ್," ಎಂದು ಉರ್ದುವಿನಲ್ಲಿ ಬೇಡಿಕೊಂಡೆ. ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗದೆ ಎದ್ದು ಬಂದು, "ಮಸ್ಕಿ?" ಎಂದರು.

ಅದೇ ದನಿ. ಹೆಚ್ಚುಕಡಿಮೆ ನನ್ನದೇ ವಯಸ್ಸು. ನಾನು ಗಂಟು ಮುಂದಿಟ್ಟೆ. ಅವರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಎಷ್ಟೋ ವಿಮಾನಗಳಿಗೆ ದಾರಿ ಹೇಳಿದ್ದೇನೆ, ಹತ್ತಿ ಬಂದು ಮುಖ ತೋರಿಸಿದವರು ನೀವೊಬ್ಬರೇ ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಈಗ ನನಗೆ ಮುಪ್ಪು. ವಿಮಾನ ಹೋದರೆ ಮೊಮ್ಮಕ್ಕಳು ಓಡಿಬಂದು ಮೇಲೆ ನೋಡುತ್ತಾರೆ. ನಾನು ಕೈ ಮುಗಿಯುವುದು ಎಲ್ಲೋ ನೆಲದ ಮೇಲೆ ಕುಳಿತು, ನಾನು ಎಲ್ಲಿಗೂ ಹೋಗುವುದಿಲ್ಲ ಎನ್ನುತ್ತಿರುವ ಆ ಮನುಷ್ಯನಿಗೆ.