ಡ್ರೈವರ್ ಅಂಕಲ್ ಮತ್ತು ಕೆಂಪು ಇಳಿಜಾರು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಒಮ್ಮೆ ಕಣ್ಣಿನ ನೆಪ, ಒಮ್ಮೆ ಚಳಿಯ ನೆಪ. ನಿಜವಾದ ಕಾರಣ, ಬರೆದರೆ ನನ್ನ ಮಗ ಓದುತ್ತಾನೆ ಎಂಬುದು. ಓದಲಿ. ಮುಂದೂಡುವುದಕ್ಕೆ ನನ್ನ ಹತ್ತಿರ ಈಗ ಹೆಚ್ಚು ದಿನಗಳೂ ಉಳಿದಿಲ್ಲ.

ಡ್ರೈವರ್ ಅಂಕಲ್ ಎಂದರೆ ಮೊದಲು ನೆನಪಾಗುವುದು ಲಟ್ಟಣಿಗೆ. ಮೆಲ್ಬರ್ನ್‌ನ ಪಾಯಿಂಟ್ ಕುಕ್ ಆಗಿನ್ನೂ ಅರ್ಧ ಕಟ್ಟಿದ ಮನೆಗಳ ಬಡಾವಣೆ. ನಮ್ಮ ಎದುರುಮನೆಯ ಮುಂದೆ ಪ್ರತಿ ಬೆಳಿಗ್ಗೆ, ಪಂಚೆಯ ಮೇಲೆ ಅಳಿಯನ ಹಳೆಯ ಸ್ವೆಟರ್ ತೊಟ್ಟ ಒಬ್ಬರು ಕಾರಿನ ಟೈರುಗಳಿಗೆ ಲಟ್ಟಣಿಗೆಯಿಂದ ತಟ್ಟಿ, ಗಾಳಿ ಸರಿಯಿದೆಯೇ ಎಂದು ಡಾಕ್ಟರು ಎದೆಬಡಿತ ಕೇಳುವಂತೆ ಬಗ್ಗಿ ಕೇಳುತ್ತಿದ್ದರು. ಒಳಗಿನಿಂದ ಮಗಳು ರೇಖಾ ಕೂಗುವಳು.

“ಅಪ್ಪಾ, ಚಪಾತಿ ಲಟ್ಟಿಸ್ಬೇಕು, ಕೊಡಪ್ಪ ಅದನ್ನ.”

“ತಡಿಯವ್ವ, ಇನ್ನೊಂದು ಟೈರು ಐತೆ. ಚಪಾತಿ ಸೊಟ್ಟ ಆದ್ರೆ ಯಾರೂ ಸಾಯಲ್ಲ.”

ಚಳ್ಳಕೆರೆಯಿಂದ ಮುಂಬಯಿಗೆ ಮೂವತ್ತು ವರ್ಷ ಎಣ್ಣೆ ಡಬ್ಬಗಳ ಲಾರಿ ಓಡಿಸಿದವರು. “ಒಂದು ಕೋಳೀನೂ ನನ್ನ ಗಾಲಿಗೆ ಸಿಕ್ಕಿಲ್ಲ ನೋಡ್ರಿ” ಎನ್ನುವುದು ಅವರ ಏಕೈಕ ಜಂಬ. ಇಂಗ್ಲಿಷ್ ಬಾರದಿದ್ದರೂ ಇಲ್ಲಿ ಲೈಸೆನ್ಸ್ ಪಡೆದರು. ಮಕ್ಕಳೆಲ್ಲ ಆಫೀಸಿಗೆ ಹೋದ ಮೇಲೆ ನಮ್ಮಂಥ ಮುದುಕ ಮುದುಕಿಯರಿಗೆ ಅವರ ಕಾರೇ ಕಾಲು. ಡಾಕ್ಟರ ಬಳಿಗೆ, ದೇವಸ್ಥಾನಕ್ಕೆ, ಕರಿಬೇವು ಸಿಗುವ ಅಂಗಡಿಗೆ. ಎಲ್ಲರ ಬಾಯಲ್ಲೂ ಅವರು ಡ್ರೈವರ್ ಅಂಕಲ್. ನನಗಿಂತ ಎರಡು ವರ್ಷಕ್ಕೆ ಹಿರಿಯರಾದರೂ ನಾನು ‘ಡ್ರೈವರ್ರೇ’ ಎಂದೇ ಕರೆಯುತ್ತಿದ್ದೆ.

ನಾನು ಮೈಸೂರಿನ ಗೋದಾಮೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವನು, ಎಸ್ಸೆಸ್ಸೆಲ್ಸಿ. ಕಾರು ಕಲಿತದ್ದೇ ಇಲ್ಲಿಗೆ ಬಂದ ಮೇಲೆ, ಅದೂ ಮಗ ಮಧು ಕಲಿಸಿದ್ದು. ಆ ವರ್ಷ ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. “ಆಪರೇಷನ್ ಆಗೋವರೆಗೂ ಸ್ಟೀರಿಂಗ್ ಮುಟ್ಬೇಡ ಅಪ್ಪ. ಮುಟ್ಟಿದ್ರೆ ಕೀ ವಾಪಸ್ ಕೊಡಲ್ಲ, ಯಾವತ್ತೂ” ಎಂದಿದ್ದ. ಮಾತು ಕೊಟ್ಟಿದ್ದೆ.

ಈಸ್ಟರ್ ರಜೆಗೆ ಎರಡೂ ಮನೆಯವರು ಸೌತ್ ಆಸ್ಟ್ರೇಲಿಯಾದ ಒಣಬೆಟ್ಟಗಳನ್ನು ನೋಡಲು ಹೊರಟೆವು. ಮಕ್ಕಳು, ಮೊಮ್ಮಕ್ಕಳು ಒಂದು ದೊಡ್ಡ ಕಾರಿನಲ್ಲಿ. ನಾವಿಬ್ಬರು ಮುದುಕರು ಬಾಡಿಗೆಯ ಕ್ಯಾಂಪರ್‌ವ್ಯಾನಿನಲ್ಲಿ. ಒಳಗೇ ಹಾಸಿಗೆ, ಒಲೆ, ಪಾತ್ರೆ ತೊಳೆಯುವ ಸಿಂಕು. “ಮನೆ ಹೊತ್ಕೊಂಡು ಹೋಗೋ ಬಸವನಹುಳ ಕಣ್ರೀ ಇದು” ಎಂದು ನಕ್ಕರು. ಬಾಡಿಗೆ ಆಫೀಸಿನವರು ನೋಡುತ್ತಿದ್ದಂತೆಯೇ ನಾಲ್ಕು ಗಾಲಿಗಳಡಿ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸಿದರು.

ಮೂರನೆಯ ದಿನ ಟಾರು ಮುಗಿಯಿತು. ಮುಂದೆ ಕೆಂಪು ಜಲ್ಲಿಯ ದಾರಿ, ಏರು, ಇಳಿಜಾರು, ಮತ್ತೆ ಏರು. ಬೆಟ್ಟಗಳ ಸಾಲು ಬೆಳಿಗ್ಗೆ ಅರಿಶಿನ, ಹೊತ್ತೇರಿದರೆ ಕುಂಕುಮ. ನೀರಿಲ್ಲದ ಹಳ್ಳಗಳಲ್ಲಿ ಬಿಳಿ ತೊಗಟೆಯ ಮರಗಳು. “ನಮ್ಮ ದುರ್ಗದ ಗುಡ್ಡಗಳಿಗೆ ಯಾರೋ ಬಣ್ಣ ಹೊಡೆಸ್ಯಾರೆ” ಎಂದರು. ಪ್ರತಿ ಇಳಿಜಾರಿನ ನೆತ್ತಿಯಲ್ಲೂ ನಿಲ್ಲಿಸಿ, ಇಳಿದು, ಲಟ್ಟಣಿಗೆಯಿಂದ ಟೈರು ತಟ್ಟುವರು. ನನಗೆ ಹೇಳುವರು: “ಹತ್ತುವಾಗ ಯಾವ ಗೇರೋ ಇಳಿಯುವಾಗ್ಲೂ ಅದೇ ಗೇರು. ಬ್ರೇಕ್ ನಂಬಬ್ಯಾಡ್ರಿ, ಇಂಜಿನ್ ನಂಬ್ರಿ.”

ಮಕ್ಕಳ ಕಾರಿನ ಧೂಳು ಕುಡಿಯಬಾರದೆಂದು ನಾವು ಬಹಳ ಹಿಂದೆ ಇದ್ದೆವು. ಯಾರೂ ಕಾಣುತ್ತಿರಲಿಲ್ಲ. ನನಗೆ ಆಸೆ ಹುಟ್ಟಿದ್ದು ಆಗ.

“ಡ್ರೈವರ್ರೇ, ಹತ್ತೇ ನಿಮಿಷ ಸ್ಟೀರಿಂಗ್ ಕೊಡಿ.”

“ಕಣ್ಣು?”

“ಒಂದು ಚೆನ್ನಾಗಿದೆಯಲ್ಲ.”

“ಮಗ ಬೈತಾನೆ.”

“ಮಗನ ಅಪ್ಪ ನಾನು.”

ನಕ್ಕು ಕೊಟ್ಟುಬಿಟ್ಟರು. ಏರು ಚೆನ್ನಾಗಿಯೇ ಹತ್ತಿದೆ. ನೆತ್ತಿಯಲ್ಲಿ ನಿಲ್ಲಿಸಲಿಲ್ಲ. ಇಳಿಜಾರಿನಲ್ಲಿ ಇಂಜಿನ್ ಅರಚಿತೆಂದು ಗೇರು ಮೇಲಕ್ಕೆ ಹಾಕಿದೆ. ಗಾಡಿ ಹಗುರಾಗಿ ಓಡಿತು. ಅದು ಎಷ್ಟು ಸುಖವಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ಬಲಕ್ಕಿದ್ದ ತಿರುವು ನನಗೆ ಕಾಣಿಸಿದ್ದು ತಡವಾಗಿ. “ಬ್ರೇಕ್ ಬ್ಯಾಡ, ಬ್ರೇಕ್ ಬ್ಯಾಡ” ಎಂದರು. ನಾನು ಬ್ರೇಕನ್ನೇ ಒತ್ತಿದೆ. ಬಸವನಹುಳ ಜಾರಿ, ಒಣಹಳ್ಳಕ್ಕೆ ಮಗುಚಿತು.

ನನಗೆ ಒಂದು ಗೀರೂ ಇಲ್ಲ. ಅವರ ಹೆಗಲ ಮೂಳೆ ಮುರಿದಿತ್ತು. ಹೊರಗೆ ಬಂದು ಮರಳಿನ ಮೇಲೆ ಕೂತಾಗ ನಾನು “ಮಧು ನನ್ನನ್ನ ಬಿಡಲ್ಲ” ಎಂದೆ. ಅವರ ನೋವಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ.

“ನಾನೇ ಓಡಿಸ್ತಿದ್ದೆ ಅನ್ನಾನ ಬಿಡ್ರಿ” ಎಂದರು. “ನನ್ನ ಮಗಳು ನನ್ನ ಸ್ಟೀರಿಂಗ್ ಹಿಂದೆ, ತೊಡೆ ಮ್ಯಾಲೆ ಕೂತು ಬೆಳೆದಾಕಿ. ನನಗೇನೂ ಅನ್ನಲ್ಲ. ಊರು ಮುಟ್ಟಿದ ಮ್ಯಾಲೆ ನಿಧಾನಕ್ಕೆ ನೀವೇ ಹೇಳೀರಂತೆ.”

ನಾವು ಬಾರದ್ದು ಕಂಡು ಮಕ್ಕಳು ತಿರುಗಿ ಬಂದರು. ಡ್ರೈವರ್ರ ಪುಟ್ಟ ಮೊಮ್ಮಗಳು ಕೇಳಿದಳು: “ತಾತಾ, ಡಿಡ್ ಯು ಫಾಲ್ ಅಸ್ಲೀಪ್?” ಹೌದು, ನಿದ್ದೆ ಬಂತು ಎಂಬಂತೆ ಅವರು ತಲೆ ಆಡಿಸಿದರು.

ಊರು ಮುಟ್ಟಿದೆವು. ಆ ‘ನಿಧಾನ’ ಬರಲೇ ಇಲ್ಲ. ಹೆಗಲು ಕೂಡಿಕೊಳ್ಳುವ ಮೊದಲೇ ರೇಖಾ ತನ್ನ ಅಪ್ಪನ ಕಾರಿನ ಕೀ ತೆಗೆದಿಟ್ಟಳು. “ಮಕ್ಕಳಿದ್ದಾರೆ ಅಂಕಲ್, ಹೇಗೆ ಬಿಡ್ಲಿ?” ಎಂದು ನನ್ನನ್ನೇ ಕೇಳಿದಳು. “ಸರಿ ಮಾಡಿದೆಯಮ್ಮ” ಎಂದೆ. ಮರುವರ್ಷ ಯುಗಾದಿ ಊಟದಲ್ಲಿ ಯಾರೋ ಆ ಆಕ್ಸಿಡೆಂಟಿನ ಬಗ್ಗೆ ಕೇಳಿದರೆಂದು ಕತೆ ಕಟ್ಟಿ ಹೇಳಿದೆ. ಹೆದ್ದಾರಿಯ ಹುಲಿ ಜಲ್ಲಿಯ ಮೇಲೆ ತೂಕಡಿಸಿತು ಎಂದು ಅವರ ದನಿಯಲ್ಲೇ ಅಣಕಿಸಿದೆ. ಎಲ್ಲರೂ ನಕ್ಕರು. ಎದುರಿಗೇ ಕೂತಿದ್ದ ಅವರು ಒಮ್ಮೆ ನನ್ನ ಮುಖ ನೋಡಿದರು. “ಹೌದ್ರಿ, ವಯಸ್ಸಾತು” ಎಂದು ಹೋಳಿಗೆ ಮುರಿದರು.

ಆಮೇಲೆ ಯಾರೂ ಅವರನ್ನು ಡ್ರೈವರ್ ಅಂಕಲ್ ಎನ್ನಲಿಲ್ಲ. ರೇಖಾಳ ತಂದೆ ಎನ್ನುತ್ತಿದ್ದರು.

ಮಗನಿಗೆ ಸಿಡ್ನಿಗೆ ವರ್ಗವಾಗಿ ನಾವು ಹೊರಡುವ ಹಿಂದಿನ ದಿನ, ಹೇಳಿಯೇ ಬಿಡುವುದೆಂದು ಅವರ ಮನೆಗೆ ಕಾರಿನಲ್ಲೇ ಹೋದೆ. ಎದುರುಮನೆಗೆ ಕಾರು ಯಾಕೆ? ಬ್ಯಾಂಕಿನಿಂದ ಬರುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಗರಾಜಿನಲ್ಲಿ ನಿಂತ ಕಾರಿನ ಎಡಗಡೆಯ ಸೀಟಿನಲ್ಲಿ ಕೂತಿದ್ದರು. ಸ್ಟೀರಿಂಗ್ ಇದ್ದ ಬಲಗಡೆಯ ಸೀಟು ಖಾಲಿ. ನನ್ನನ್ನು ಕಂಡು ಇಳಿದು ಬಂದರು.

“ಕಣ್ಣು ಹೆಂಗೈತೆ? ಆಪರೇಷನ್ ಚೆನ್ನಾಗಾತಾ?”

“ಈಗ ಎಲ್ಲಾ ಕಾಣುತ್ತೆ” ಎಂದೆ.

ರೇಖಾ ಬಾಗಿಲಿಗೆ ಬಂದಳು, ಕೈಯಲ್ಲಿ ಹಿಟ್ಟು ಮೆತ್ತಿದ ಲಟ್ಟಣಿಗೆ. ಈಗ ಅದು ಚಪಾತಿಗಷ್ಟೇ. ಅವಳನ್ನು ಕಂಡು ನಾನು ಸಾಮಾನು ಕಟ್ಟಿದ ಸುದ್ದಿ ತೆಗೆದೆ. ಅವರು ಸ್ವಲ್ಪ ಹೊತ್ತು ಕಾದರು. ಕಾಯುತ್ತಿದ್ದಾರೆಂದು ನನಗೆ ತಿಳಿದಿತ್ತು. ಆಮೇಲೆ ಬಗ್ಗಿ, ಬರಿಗೈಯ ಗೆಣ್ಣಿನಿಂದ ನನ್ನ ಕಾರಿನ ಟೈರು ತಟ್ಟಿದರು.

“ಹಿಂದಿನ ಎಡಗಡೆದು ಗಾಳಿ ಕಮ್ಮಿ ಐತೆ. ಹಾಕಿಸ್ಕೊಳ್ರಿ.”

ಎರಡು ವರ್ಷದ ಮೇಲೆ, ಸಿಡ್ನಿಯ ಸ್ಕೋಫೀಲ್ಡ್ಸ್‌ನ ಈ ಮನೆಯಲ್ಲಿದ್ದಾಗ, ಅವರು ತೀರಿಕೊಂಡರೆಂದು ಫೋನ್ ಬಂತು. ರೇಖಾ ಅಳುತ್ತಾ, ಆ ಆಕ್ಸಿಡೆಂಟ್ ಆದಮೇಲೆ ಅಪ್ಪ ಅಪ್ಪನಾಗಿಯೇ ಇರಲಿಲ್ಲ ಅಂಕಲ್ ಎಂದಳು. ಆಗಲೂ ಹೇಳಲಿಲ್ಲ.

ಮಧು, ರೇಖಾ, ಆ ದಿನ ಇಳಿಜಾರಿನಲ್ಲಿ ಸ್ಟೀರಿಂಗ್ ಹಿಡಿದಿದ್ದವನು ನಾನು. ಮೂವತ್ತು ವರ್ಷದಲ್ಲಿ ಒಂದು ಕೋಳಿಯನ್ನೂ ಸಾಯಿಸದವರು ಪಕ್ಕದ ಸೀಟಿನಲ್ಲಿದ್ದರು. ಅವರನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ, ಒಮ್ಮೆಯೂ ಕ್ಷಮೆ ಕೇಳಲಿಲ್ಲ. ಅವರ ಹೆಸರು ತಿಪ್ಪೇಸ್ವಾಮಿ.