ಮೇರಿ ಮಾತೆಗೆ ಹಾಸಿದ ಹಾಸಿಗೆ

ಭಕ್ತಿಯಲ್ಲಿ ವಿಧವೆ ಕ್ರೆಸೆಂಜಳ ಮುಂದೆ ನಮ್ಮ ಬವೇರಿಯಾದ ಹಳ್ಳಿಯ ಪಾದ್ರಿಯೂ ಸಪ್ಪೆ. ಕ್ರಿಸ್‌ಮಸ್‌ಗೆ ಮುಂಚೆ ಬಸುರಿ ಮೇರಿ ಮಾತೆಯ ಮರದ ಪ್ರತಿಮೆ ದಿನಕ್ಕೊಂದು ಮನೆಯಲ್ಲಿ ತಂಗುತ್ತದೆ; ಒಂದು ಮನೆಯಲ್ಲಿದ್ದವರು ಅದನ್ನು ಮುಂದಿನ ಮನೆಗೆ ಹೊತ್ತೊಯ್ಯುತ್ತಾರೆ. ಕ್ರೆಸೆಂಜ್ ಅದಕ್ಕೆ ತೀರಿಕೊಂಡ ಗಂಡನ ಹಾಸಿಗೆಯನ್ನು ಬಿಸಿ ಮಾಡಿಡುತ್ತಾಳೆ, ಬಿಸಿ ಸೂಪನ್ನೂ ಬಡಿಸುತ್ತಾಳೆ. ಯೇಸು ಹುಟ್ಟಿದ ರಾತ್ರಿ ಮೇರಿಯನ್ನು ಒಳಗೆ ಬಿಡದ ಬೆತ್ಲೆಹೇಮಿನ ಛತ್ರದವನಿಗೆ ವರ್ಷವರ್ಷವೂ ಶಾಪ ಹಾಕುತ್ತಾಳೆ: "ಬಸುರಿ ಹೆಂಗಸಿಗೆ ಜಾಗ ಇಲ್ಲ ಅಂದನಲ್ಲ, ಅವನ ಮನೆ ಹಾಳಾಗ!" ಮದುವೆಯಾಗದೆ ಬಸುರಾದ ಮಗಳು ಆಫ್ರಾಳನ್ನು ಬೇಸಿಗೆಯಲ್ಲಿ ಹೊರಗೆ ಹಾಕಿದ್ದು ಅವಳ ಲೆಕ್ಕದಲ್ಲಿ ಬೇರೆ ವಿಷಯ. ಈ ಸಲ ಪ್ರತಿಮೆಯನ್ನು ತುಂಬಿದ ಹೊಟ್ಟೆಗೆ ಆನಿಸಿಕೊಂಡು ಬಾಗಿಲಿಗೆ ಬಂದವಳು ಆಫ್ರಾಳೇ. "ಮಾತೆಯನ್ನ ಕೊಡು, ನೀನು ಹೋಗು," ಅಂದಳು ಕ್ರೆಸೆಂಜ್. "ಅವಳೂ ಮದುವೆಗೆ ಮುಂಚೆ ಬಸುರಿನೇ ಅಮ್ಮಾ," ಅಂದಳು ಮಗಳು. ಕ್ರೆಸೆಂಜ್ ಪ್ರತಿಮೆ ನೋಡಿದಳು, ಮಗಳ ಹೊಟ್ಟೆ ನೋಡಿದಳು. "ಚಳಿ ಬರ್ತಿದೆ, ಬಾಗಿಲು ಹಾಕು," ಅಂದಳು. "ಯಾವ ಕಡೆಯಿಂದ?" "ಒಳಗಿನಿಂದ ಕಣೇ, ದಡ್ಡಿ!"