ಹುಡುಗರಿಗಿಂತ ಮುಂದೆ ಎಂದು ಬರೆದ ತಪ್ಪಿಗೆ

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಪಾವಗಡದ ಗ್ರೌಂಡಿನಲ್ಲಿ ಇಬ್ಬರೇ ಇದ್ದೆವು. ಓಡಲು ಶಶಿಕಲಾ, ನಡೆಯಲು ನಾನು. (ಮಂಡಿನೋವಿಗೆ ಡಾಕ್ಟರು ಬರೆದುಕೊಟ್ಟ ವಾಕಿಂಗ್. ಆಮೆಗೂ ಬೇಸರ ಬರುವ ವೇಗ.)

ಎರಡು ವಾರದ ಹಿಂದೆ ಅಲ್ಲಿ ಐವರು ಓಡುತ್ತಿದ್ದರು. ಪೊಲೀಸ್ ಸೆಲೆಕ್ಷನ್‌ಗೆ ತಯಾರಾಗುತ್ತಿದ್ದ ನಾಲ್ವರು ಹುಡುಗರು, ಜೊತೆಗೆ ಡಿಗ್ರಿ ಓದುವ ಈ ಹುಡುಗಿ. ನನ್ನನ್ನು ಕಂಡರೆ "ಬಿರ್ನೆ ಬನ್ನಿ ಅಕ್ಕಾ, ಬಿಸ್ಲು ಬತ್ತೈತೆ" ಎಂದು ರೇಗಿಸುತ್ತಿದ್ದರು. ಮನೆಯಲ್ಲಿ ನಾನೊಬ್ಬಳೇ. ನಿಜ ಹೇಳಬೇಕೆಂದರೆ, ಇಡೀ ದಿನದಲ್ಲಿ ಯಾರಾದರೂ ನನ್ನನ್ನು ಮಾತಾಡಿಸುತ್ತಿದ್ದುದು ಆ ಅರ್ಧ ಗಂಟೆಯಲ್ಲೇ.

ನಾನೇನು ಮಾಡಿದೆ ಗೊತ್ತಾ? ಇದೇ ಅಂಕಣದಲ್ಲಿ ಅವರ ಬಗ್ಗೆ ಬರೆದೆ. ಒಂದು ಬೆಳಿಗ್ಗೆ ಶಶಿಕಲಾ ನಾಲ್ವರಿಗಿಂತಲೂ ಮುಂದೆ ಬಂದಿದ್ದಳು. "ಗಂಡುಮಕ್ಕಳನ್ನೇ ಹಿಂದಿಕ್ಕಿದ ನಮ್ಮೂರ ಹುಡುಗಿ" ಅಂತ ಹೆಡಿಂಗ್ ಕೊಟ್ಟೆ. ನಾಲ್ವರ ಹೆಸರನ್ನೂ ಹಾಕಿದೆ. ಹೆಣ್ಣಿನ ಪರವಾಗಿ ಬರೆದೆ ಎಂಬ ಜಂಬ ಬೇರೆ. ನೀವೂ ಹೊಗಳಿ ಮೆಸೇಜ್ ಕಳಿಸಿದಿರಿ, ನೆನಪಿದೆಯಾ?

ಮೂರನೇ ದಿನಕ್ಕೆ ಲೋಕಲ್ ಚಾನೆಲ್‌ನವನೊಬ್ಬ ಮೈಕ್ ಹಿಡಿದು ಬಂದ. "ಹುಡ್ಗಿ ಕೈಲಿ ಸೋತ್ರಲ್ಲ, ಹೆಂಗನ್ನುಸ್ತದೆ?" ಎಂದು ಹುಡುಗರನ್ನು ಕೇಳಿದ. ವಿಡಿಯೋ ಕೆಳಗೆ ಕಾಮೆಂಟುಗಳ ಸುರಿಮಳೆ. ಅರ್ಧ ಜನ, ಹುಡುಗರು ಬಳೆ ತೊಟ್ಟುಕೊಳ್ಳಲಿ ಎಂದರು. ಇನ್ನರ್ಧ ಜನ, ಪಾಪ ಬೇಕಂತಲೇ ಬಿಟ್ಟುಕೊಟ್ಟಿರುತ್ತಾರೆ ಎಂದರು. ಅವಳ ಓಟದ ಬಗ್ಗೆ ಮಾತಾಡಿದವರು ಯಾರು? ಒಬ್ಬರೂ ಇಲ್ಲ.

ಹುಡುಗರು ಬರುವುದು ನಿಂತಿತು. ಅವರಲ್ಲೊಬ್ಬ, ನಾಗರಾಜ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಯಾಕಪ್ಪಾ ಕಾಣ್ತಿಲ್ಲ ಅಂದೆ.

"ಏಮೀ ಲೇದಕ್ಕಾ" ಎಂದ. (ಏನೂ ಇಲ್ಲವಂತೆ.) ಆಮೇಲೆ ನೆಲ ನೋಡುತ್ತಾ, "ಮನೇಲಿ ಅಪ್ಪ ದಿನಾ ಅದ್ನೇ ಎತ್ತಾಡ್ತಾನೆ. ನಾವು ಸಾಯಂಕಾಲ ರೋಡಲ್ಲಿ ಓಡ್ಕಂತೀವಿ ಬುಡಿ" ಎಂದು ಬಸ್ ಹತ್ತಿದ.

ಸೋಮವಾರ ಶಶಿಕಲಾ ಎರಡೇ ಸುತ್ತಿಗೆ ನಿಂತುಬಿಟ್ಟಳು. ಬಂದು ನನ್ನ ಪಕ್ಕ ಕೂತಳು. ಮುಂದಿನ ತಿಂಗಳು ಅವಳಿಗೆ ಯೂನಿವರ್ಸಿಟಿ ಟೀಮಿನ ಸೆಲೆಕ್ಷನ್ ಇದೆ.

"ಪಕ್ಕದಲ್ಲಿ ಅವ್ರು ಓಡ್ತಿದ್ರೆ ಕಾಲು ತಾನಾಗೇ ಬತ್ತಿತ್ತಕ್ಕಾ. ಒಬ್ಳೇ ಆದ್ರೆ ಆಗ್ತಿಲ್ಲ. ಅಮ್ಮನೂ ನಾಳೆಯಿಂದ ಹೋಗ್‌ಬ್ಯಾಡ ಅಂತೈತೆ. ಆ ಹುಡುಗ್ರು ಜೊತೇಲವ್ರೆ ಅಂತಾನೇ ಕಳಿಸ್ತಿದ್ದಿದ್ದು."

"ನನ್ನ ಮೇಲೆ ಕೋಪಾನಾ?"

"ಇಲ್ಲ ಬುಡಕ್ಕಾ. ನೀವು ಒಳ್ಳೇದಕ್ಕೇ ಬರುದ್ರಿ. ಆದ್ರೆ ಅವತ್ತು ನನ್ ಟೈಮಿಂಗು ಇಷ್ಟ್ ದಿನಕ್ಕಿಂತ ಚೆನ್ನಾಗಿತ್ತು. ಅದ್ನ ಹಾಕ್ಲೇ ಇಲ್ಲ."

ನಾನು ಕೇಳಿದ್ದರೆ ತಾನೇ ಹಾಕುವುದು? ಹುಡುಗರು ಹಿಂದುಳಿದದ್ದಷ್ಟೇ ನನ್ನ ಕಣ್ಣಿಗೆ ಕಂಡಿತ್ತು. ಅವಳು ಓಡುತ್ತಿದ್ದುದು ತನ್ನ ಹಳೆಯ ಟೈಮಿಂಗ್ ಜೊತೆ. ನಾನು ಅವಳನ್ನು ತಂದು ನಿಲ್ಲಿಸಿದ್ದು ಗೆಳೆಯರ ಎದುರು. ನಾಚಿಕೆಯಾಯಿತು.

ಮಂಗಳವಾರ ಅವಳು ಬರಲಿಲ್ಲ. ಬುಧವಾರವೂ ಇಲ್ಲ. ಅಷ್ಟು ದೊಡ್ಡ ಗ್ರೌಂಡಿನಲ್ಲಿ ನನ್ನ ಚಪ್ಪಲಿ ಸದ್ದು ನನಗೇ ಕೇಳಿಸುತ್ತದೆ. ಒಂದು ಸುತ್ತು ಹಾಕಿ ಮನೆಗೆ ಬರುತ್ತೇನೆ. ಒಬ್ಬಳೇ ಇರುವುದು ಹೇಗಿರುತ್ತದೆಂದು ಚೆನ್ನಾಗಿ ಗೊತ್ತಿದ್ದವಳೇ ಈ ಕೆಲಸ ಮಾಡಿದೆನಲ್ಲ ಅನ್ನುವುದೇ ಸಂಕಟ.

ಅವಳು ಯಾರಿಗಿಂತ ಮುಂದೆ ಎಂದು ಊರಿಗೆಲ್ಲ ಸಾರಿದೆ. ಅವಳ ಜೊತೆ ಓಡಲು ಯಾರನ್ನು ಉಳಿಸಿದೆ?